ನಾನು ಬರೀ ಕೇಳಿದೆ

ಬಿಜ್ಜರಗಿ
18 ನವೆಂಬರ್ 2024

ಗೆಳತಿ ನೀಲಾ,

ಐದು ದಿನದಿಂದ ನನ್ನ ಫೋನು ಹತ್ತುತ್ತಿಲ್ಲ ಎಂದು ಗಾಬರಿಯಾಗಿರಬೇಕು ನೀನು. ಸಿಮ್ ತೆಗೆದು ಟ್ರಂಕಿನಲ್ಲಿ ಹಾಕಿದ್ದೇನೆ. ಯಾರ್ಯಾರೋ ಗಂಡಸರು ಫೋನ್ ಮಾಡಿ ಬೈಯುತ್ತಾರೆ, ಹೆಸರು ಹೇಳದೆ ಇಡುತ್ತಾರೆ. ಹೀಗಾಗಿ ಈ ಕಾಗದ. ಪೋಸ್ಟಿನವನು ನಮ್ಮೂರಿಗೆ ಈಗಲೂ ಬರುತ್ತಾನೆ, ಚಿಂತೆ ಇಲ್ಲ.

ಊರೂರಿನ ಕುರಿ-ಮೇಕೆ ನೋಡುವ ಈ ಪಶುಸಖಿಯ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು, ನನ್ನ ಕೈಯಲ್ಲಿ ಒಂದು ಮರಿ ಸತ್ತದ್ದಿಲ್ಲ. ನವೆಂಬರ್ ಒಂಬತ್ತರಂದು ಅಮೋಘಿ ಕಾಕಾನ ಕುರಿಗಳಿಗೆ ಹಿರೇಬೇನೆಯ ಲಸಿಕೆ ಹಾಕಿದೆ. ತಿಕೋಟಾದ ದನದ ಡಾಕ್ಟರು ಕೊಟ್ಟ ಲಸಿಕೆ, ಐಸ್ ಪೆಟ್ಟಿಗೆಯಲ್ಲೇ ತಂದದ್ದು. ಮೂರು ದಿನ ಕುರಿಗಳಿಗೆ ಏನೂ ಆಗಲಿಲ್ಲ. ಹನ್ನೆರಡರ ಬೆಳಿಗ್ಗೆ ಸಂಗನಬಸವ ಎಂಬವನು ಅಮೋಘಿ ಕಾಕಾನನ್ನು ಕರೆದು, "ದ್ರಾಕ್ಷಿ ಸಾಲಿನ್ಯಾಗ ಹುಲ್ಲು ಭಾಳ ಬೆಳದೈತಿ, ಕುರಿ ಬಿಡೋ, ನನ್ನ ಕಸಾನೂ ಹೋಕ್ಕೈತಿ" ಅಂದಿದ್ದಾನೆ. ಕಳ್ಳಕವಟಗಿ ರಸ್ತೆಗೆ ಹನ್ನೆರಡು ಎಕರೆ ದ್ರಾಕ್ಷಿ ಇರುವವನು, ಎರಡು ಸಲ ಪಂಚಾಯ್ತಿ ಮೆಂಬರ್ ಆದವನು. ಅಂಥವನು ಕರೆದರೆ ಕಾಕಾ ಒಲ್ಲೆ ಅಂದಾನೇ? ಬಿಟ್ಟ. ಮಧ್ಯಾಹ್ನಕ್ಕೆ ಕುರಿಗಳ ಬಾಯಲ್ಲಿ ನೊರೆ ಬಂತು, ಕಾಲು ಬಡಿಯತೊಡಗಿದವು. ಸಂಜೆಯೊಳಗೆ ಇಪ್ಪತ್ಮೂರು ಕುರಿ ಸತ್ತವು.

ನಾನು ಓಡಿ ಹೋದಾಗ ಆ ಹುಲ್ಲಿನಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಹುಳಕ್ಕೆ ಹೊಡೆಯುವ ಆ ಎಣ್ಣೆಯ ವಾಸನೆ ನನಗೆ ಗೊತ್ತಿಲ್ಲವೇ? ಎಲ್ಲರ ಮುಂದೆಯೇ ಸಂಗನಬಸವನನ್ನು ಕೇಳಿದೆ, "ಎಣ್ಣಿ ಯಾವಾಗ ಹೊಡದೀರಿ?" ಅವನು ನನ್ನ ಕಡೆ ನೋಡಲೂ ಇಲ್ಲ. ಅವತ್ತೇ ಅವನ ಧ್ವನಿ ಊರ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ನನ್ನ ಲಸಿಕೆಯಿಂದಲೇ ಕುರಿ ಸತ್ತವಂತೆ. ಮರುದಿನ ಬೆಳಗಾಗುವಷ್ಟರಲ್ಲಿ ಅದು ಕಳ್ಳಕವಟಗಿ, ಘೋಣಸಗಿ ಎಲ್ಲ ಮುಟ್ಟಿತ್ತು.

ನೀನು ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟವಳು. ಹೇಳು, ಇಂಥವನನ್ನು ಏನು ಮಾಡಬಹುದು? ಅವನು ಸುಳ್ಳ ಎಂದು ತಿಳಿದರೆ ಸಾಲದು ನನಗೆ. ಅವನು ನನ್ನಂತೆಯೇ ಹೊರಗೆ ಮುಖ ತೋರಿಸಲಾಗದೆ ಮನೆಯಲ್ಲಿ ಕೂರಬೇಕು.

ನಿನ್ನ
ಗೀತಾ


ವಿಜಯಪುರ
23 ನವೆಂಬರ್ 2024

ಪ್ರೀತಿಯ ಗೀತಾ,

ಕಾಗದ ಓದಿ ನಾನು ಟೈಪ್ ಮಾಡಿಕೊಡುವ ವಕೀಲರ ಹತ್ತಿರ ಹೋಗಿದ್ದೆ. ಮೊದಲ ಮಾತೇ ಅವರು ಕೇಳಿದ್ದು, "ಅಂವಾ ಏನಂದಾನ?" ನಾನು ಅಂದೆ, "ಬಾಯಿಗೆ ಬಂದಂಗ ಅಂದಾನ್ರಿ." ಅವರು ಪೆನ್ನು ಕೆಳಗಿಟ್ಟರು. "ಹಂಗಲ್ಲವಾ. ಅವನ ಬಾಯಿಂದ ಏನ ಬಂತು, ಅದs ಬೇಕು."

ಈ ಅಂಗಡಿಗೆ ದಿನಕ್ಕೆ ನಾಲ್ಕು ಜನ ಹೆಸರು ಕೆಟ್ಟವರು ಬರುತ್ತಾರೆ. ಎಲ್ಲರೂ "ಬೈದರು" ಅನ್ನುವವರೇ. ಆದರೆ ಬೈಗುಳ ಬೇರೆ, ಆಪಾದನೆ ಬೇರೆ. ನಿನ್ನನ್ನು ಕತ್ತೆ ಅಂದರೆ ಅದು ಬೈಗುಳ, ನೀನು ಕತ್ತೆಯೋ ಅಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ಇಂಥ ದಿನ ಇಂಥ ತಪ್ಪು ಮಾಡಿದಳು ಅಂದರೆ ಆಪಾದನೆ. ನಿಜವೋ ಸುಳ್ಳೋ ಎಂದು ಕೇಳಬಹುದಾದ ಮಾತು ಅದು. ಅದು ಸುಳ್ಳಾಗಿ, ಅದರಿಂದ ನಾಲ್ಕು ಜನ ನಿನ್ನನ್ನು ಕೀಳಾಗಿ ಕಂಡರೆ ಮಾನಹಾನಿ. ನಿಮ್ಮಪ್ಪ ಬದನಾಮಿ ಅನ್ನುತ್ತಾನಲ್ಲ, ಅದೇ. ಒಬ್ಬರ ಕಿವಿಯಲ್ಲಿ ಹೇಳಿದರೆ ಜನ ಚಾಡಿ ಅನ್ನುತ್ತಾರೆ, ಊರ ತುಂಬ ಹೇಳಿದರೆ ಅಪಪ್ರಚಾರ. ಹೆಸರು ಯಾವುದಾದರೂ ಇರಲಿ, ಮಾತು ಇದ್ದಂತೆಯೇ ಬೇಕು, ತಾರೀಖಿನ ಸಮೇತ.

ಇನ್ನೊಂದು. ಸತ್ತ ಕುರಿಗಳ ಹೊಟ್ಟೆ ಯಾರಾದರೂ ಕೊಯ್ದು ನೋಡಿದ್ದಾರೆಯೇ? ಅದು ಆಗಿರದಿದ್ದರೆ ಕೆಲಸ ಕಷ್ಟ.

ಇನ್ನು ಮೇಲೆ ಬರೆಯುವುದೆಲ್ಲ ಕಾಗದದಲ್ಲೇ ಬರೆ. ನಿನ್ನ ಕಾಗದಗಳನ್ನು ತಾರೀಖಿನಂತೆ ನನ್ನ ಡ್ರಾವರಿನಲ್ಲಿ ಜೋಡಿಸಿ ಇಡುತ್ತೇನೆ. ಊಟ ಬಿಡಬೇಡ. ನಿನ್ನ ಸಿಟ್ಟು ನನಗೆ ಹೈಸ್ಕೂಲಿನಿಂದ ಗೊತ್ತು, ಅದನ್ನು ನನ್ನ ಕೈಗೆ ಕೊಡು, ನೀನೇ ಏನೂ ಮಾಡಲು ಹೋಗಬೇಡ.

ನಿನ್ನ
ನೀಲಾ


ಬಿಜ್ಜರಗಿ
29 ನವೆಂಬರ್ 2024

ನೀಲಾ,

ಪಕ್ಕದ ಮನೆಯ ಪರಸವ್ವನ ಫೋನಿನಲ್ಲಿ ಆ ಧ್ವನಿ ಇತ್ತು. ಏಳು ಸಲ ಹಚ್ಚಿಸಿ ಕೇಳಿ ಬರೆದುಕೊಂಡೆ. ಏಳನೆಯ ಸಲಕ್ಕೆ ಬಾಯಿಪಾಠವಾಗಿತ್ತು. ಅವನು ಅಂದದ್ದು ಇದು:

"ಎಲ್ಲಾರೂ ಕೇಳ್ರಿ. ಖಂಡಪ್ಪನ ಮಗಳು ಗೀತಾಂಜಲಿ ತಾರೀಖ ಮುಗದ ಔಷಧಕ್ಕ ನೀರು ಕಲಸಿ ಚುಚ್ಚಾಕತ್ಯಾಳ. ಅಮೋಘಿನ ಇಪ್ಪತ್ಮೂರು ಕುರಿ ಅಕೀನs ಕೊಂದಾಳ. ಅಕೀನ್ನ ನಿಮ್ಮ ಕುರಿ ದಡ್ಡ್ಯಾಗ ಬಿಡಬ್ಯಾಡ್ರಿ."

ಇದರಲ್ಲಿ ಅವನ ಜಾಣತನ ಏನು ಗೊತ್ತೇ? ಲಸಿಕೆಯ ಪುಡಿಗೆ ಪಶು ಇಲಾಖೆಯೇ ಕೊಟ್ಟ ದ್ರಾವಣ ಬೆರೆಸಬೇಕು. ಅದು ನೋಡಲು ನೀರಿನಂತೆಯೇ ಇರುತ್ತದೆ. ನಾನು ಬೆರೆಸುವುದನ್ನು ಊರೆಲ್ಲ ನೋಡಿದೆ. ಈಗ ಪ್ರತಿಯೊಬ್ಬರೂ "ಹೌದಲ್ಲ, ನಾನs ಕಣ್ಣಾರೆ ನೋಡೀನಿ, ನೀರು ಕಲಸ್ತಿದ್ಳು" ಅನ್ನುತ್ತಿದ್ದಾರೆ.

ತಿಕೋಟಾದ ಡಾಕ್ಟರು ಕುರಿ ಸತ್ತ ಮರುದಿನವೇ ಬಂದು ಎರಡು ಕುರಿಗಳ ಹೊಟ್ಟೆ ಕೊಯ್ದು, ಒಳಗಿನ ಮೇವು ಶೀಸೆಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದ್ದಾರೆ. ವರದಿ ಬರುವವರೆಗೆ ನನಗೆ ಲಸಿಕೆ ಮುಟ್ಟಬೇಡ ಅಂದಿದ್ದಾರೆ. ಅವರ ತಪ್ಪಲ್ಲ ಅನ್ನು. ಆದರೂ ಜನಕ್ಕೆ ಅಷ್ಟೇ ಸಾಕಾಯಿತು.

ಮೊನ್ನೆ ಘೋಣಸಗಿಗೆ ಹೋಗಿದ್ದೆ. ದುಂಡವ್ವಾಯಿಯ ಮೇಕೆಗೆ ಮರಿ ಅಡ್ಡ ಸಿಕ್ಕಿತ್ತು. ಹಿಂದಿನ ವರ್ಷ ಇದೇ ಮೇಕೆಯನ್ನು ನಾನು ಉಳಿಸಿಕೊಟ್ಟಿದ್ದೆ. ಮುದುಕಿ ದಡ್ಡಿಯ ಬಾಗಿಲಿಗೆ ಅಡ್ಡ ನಿಂತಳು. "ನಿನ್ನ ಕೈ ಹಚ್ಚಬ್ಯಾಡ ಯವ್ವಾ. ಸತ್ತರ ದೇವರು ಒಯ್ದ ಅಂತೀನಿ. ನೀ ಮುಟ್ಟಿ ಸತ್ತರ ನಾ ಏನನ್ಲಿ?" ಹೊರಗೆ ನಿಂತು ಆ ಮೇಕೆಯ ಕೂಗು ಕೇಳಿದೆ ನೀಲಾ. ಅರ್ಧ ತಾಸು. ಆಮೇಲೆ ಕೂಗು ನಿಂತಿತು.

ಅಮೋಘಿ ಕಾಕಾ ಅಪ್ಪನ ಜೊತೆ ಮಾತು ಬಿಟ್ಟಿದ್ದಾನೆ. ಅಪ್ಪ ಕುರಿ ಕಾಯಲು ಈಗ ಊರ ಆಚೆಯ ದಾರಿ ಹಿಡಿಯುತ್ತಾನೆ, ಯಾರೂ ಎದುರಾಗಬಾರದೆಂದು.

ನಿನ್ನ ವಕೀಲರಿಗೆ ಹೇಳು, ಬೇಗ ಮಾಡಲಿ. ನನ್ನ ಸಿಟ್ಟನ್ನು ನಿನ್ನ ಕೈಗೆ ಕೊಡು ಅಂದೆಯಲ್ಲ, ಅದು ಕೈಯಲ್ಲಿ ಹಿಡಿಯುವಂಥದ್ದಾಗಿ ಉಳಿದಿಲ್ಲ.

ಗೀತಾ


ವಿಜಯಪುರ
14 ಡಿಸೆಂಬರ್ 2024

ಪ್ರೀತಿಯ ಗೀತಾ,

ಉತ್ತರ ತಡವಾಯಿತು. ಡಿಸೆಂಬರ್ ಎರಡರಂದು ಸಂಗನಬಸವನಿಗೆ ನೋಟಿಸು ಹೋಗಿದೆ. ನಾನೇ ಟೈಪ್ ಮಾಡಿದೆ. ನೀನು ಬರೆದು ಕಳಿಸಿದ ಮೂರೂ ಮಾತನ್ನು ಹಾಗೇ ಇಟ್ಟಿದ್ದೇವೆ. ಹದಿನೈದು ದಿನದಲ್ಲಿ ಅದೇ ಗ್ರೂಪಿನಲ್ಲಿ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಕೋರ್ಟು.

ಇನ್ನೊಂದು ವಿಷಯ ಇದೆ. ಪೂರ್ತಿ ಹೇಳುವ ಹಾಗಿಲ್ಲ. ನಿನ್ನ ಕಡೆ ಒಬ್ಬರು ನಿಂತಿದ್ದಾರೆ. ಒಂಬತ್ತನೆಯ ತಾರೀಖು ವಕೀಲರ ಹತ್ತಿರ ಬಂದು, ಎಣ್ಣೆ ಯಾವ ದಿನ ಹೊಡೆದದ್ದು ಎಂಬುದಕ್ಕೆ ಬರಹದ ಪುರಾವೆ ಕೊಟ್ಟು ಹೋಗಿದ್ದಾರೆ. ಹೆಸರು ಯಾರಿಗೂ, ನಿನಗೂ, ಹೇಳಬಾರದೆಂದು ಕೈ ಮುಗಿದು ಕೇಳಿಕೊಂಡಿದ್ದಾರೆ. ಕೋರ್ಟಿನಲ್ಲಿ ಕರೆದಾಗ ಬರುತ್ತಾರೆ. ಅಲ್ಲಿಯವರೆಗೆ ಅವರು ಆ ಊರಲ್ಲೇ ಇರಬೇಕಲ್ಲ.

ಹೀಗಾಗಿ ತಾಳು. ಏನೂ ಮಾಡಬೇಡ. ಸುಮ್ಮನಿರುವುದೇ ಈಗ ನಿನ್ನ ಕೆಲಸ.

ನಿನ್ನ
ನೀಲಾ


ಬಿಜ್ಜರಗಿ
20 ಡಿಸೆಂಬರ್ 2024

ನೀಲಾ,

ನಿನ್ನ ನೋಟಿಸಿನ ಗತಿ ಕೇಳು. ಸಂಗನಬಸವ ಅದನ್ನು ಚಹಾದಂಗಡಿಗೆ ತಂದು ಎಲ್ಲರ ಮುಂದೆ ಓದಿಸಿದನಂತೆ. "ಮಾನಹಾನಿ ಅಂತ! ಮಾನ ಇದ್ದವರಿಗಲ್ಲೇನ ಹಾನಿ?" ಅಂದನಂತೆ. ಅಂಗಡಿಯ ತುಂಬ ನಗು. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ, ಎಲ್ಲ ಕೇಳಿಸಿಕೊಂಡು ಅರ್ಧ ಕಪ್ಪು ಹಾಗೇ ಬಿಟ್ಟು ಬಂದ.

ಯಾರೋ ನನ್ನ ಕಡೆ ನಿಂತಿದ್ದಾರೆ ಅನ್ನುತ್ತೀ. ಯಾರೆಂದು ಊಹಿಸಬಲ್ಲೆ. ಎಣ್ಣೆ ಹೊಡೆಯಲು ಬರುವ ಆಳು ಕರೆಪ್ಪ ಇರಬೇಕು. ಅವನು ಇವತ್ತು ನಿಮ್ಮ ಹತ್ತಿರ ಬಂದ, ನಾಳೆ ಸಂಗನಬಸವ ಕಣ್ಣು ಬಿಟ್ಟರೆ ತಿರುಗಿ ನಿಲ್ಲುತ್ತಾನೆ. ಅಂಥವರನ್ನು ನಂಬಿ ಸುಮ್ಮನೆ ಕೂರಬೇಕೇ?

ಅತ್ತ ಅವರ ಮನೆಯಲ್ಲಿ ಸಂಭ್ರಮ. ಮಗಳು ಮಹಾನಂದಾಳಿಗೆ ಬಬಲೇಶ್ವರದಲ್ಲಿ ಗಂಡು ಗೊತ್ತಾಗಿದೆ, ಫೆಬ್ರವರಿಯಲ್ಲಿ ಮದುವೆ. ನನ್ನ ಮನೆಯ ಮುಂದಿನಿಂದಲೇ ಜವಳಿಯ ಗಾಡಿ ಹೋಯಿತು. ಸಂಗನಬಸವ ಮುಂದೆ ಕೂತು ಕೈ ಬೀಸಿದ. ನನಗೆ, ನೀಲಾ. ನನಗೆ ಕೈ ಬೀಸಿದ.

ಹದಿನೆಂಟರಂದು ಬಬಲೇಶ್ವರಕ್ಕೆ ಹೋಗಿದ್ದೆ. ಒಂದು ಕೆಲಸ ಇತ್ತು. ಮುಗಿಸಿ ಬಂದೆ.

ಗೀತಾ


ಬಿಜ್ಜರಗಿ
11 ಜನವರಿ 2025

ನೀಲಾ,

ಹೊಸ ವರ್ಷಕ್ಕೂ ನೀನು ಬರೆಯಲಿಲ್ಲ. ಇರಲಿ, ನಾನೇ ಸುದ್ದಿ ಹೇಳುತ್ತೇನೆ. ಬಹಳ ದಿನದ ಮೇಲೆ ಹೊಟ್ಟೆ ತುಂಬ ರೊಟ್ಟಿ ತಿಂದು ಬರೆಯುತ್ತಿದ್ದೇನೆ.

ಸಂಗನಬಸವನ ಮಗಳ ಮದುವೆ ಮುರಿಯಿತು. ಬಬಲೇಶ್ವರದವರು ಜವಳಿ ತಿರುಗಿ ಕಳಿಸಿದ್ದಾರೆ. ಕಾರಣ ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ, ಆದರೆ ಎಲ್ಲರಿಗೂ ಗೊತ್ತು. ನಿನ್ನೆ ಅವನು ಪಂಚಾಯ್ತಿ ಮುಂದಿನಿಂದ ಬರುತ್ತಿದ್ದ. ನಾನು ಬೇಕೆಂದೇ ಎದುರಿಗೆ ನಡೆದು ಹೋದೆ. ತಲೆ ಎತ್ತಲಿಲ್ಲ. ದಾರಿ ಬಿಟ್ಟು ಆಚೆಯ ಸಂದಿಯಲ್ಲಿ ಹೋದ. ಎರಡು ತಿಂಗಳಿಂದ ನಮ್ಮಪ್ಪ ನಡೆಯುತ್ತಿರುವುದೂ ಹಾಗೆಯೇ ಸಂದಿಯಲ್ಲಿ. ಮನೆಗೆ ಬಂದು ಅವ್ವನಿಗೆ ಹೇಳಿ ನಕ್ಕೆ. ಅವ್ವ ನಗಲಿಲ್ಲ. ಅವಳಿಗೆ ನಗಲು ಹೆದರಿಕೆ.

ಕೋರ್ಟಿನಿಂದ ಆಗದ್ದು ತಾನೇ ಆಯಿತು. ಊರವರು ಏನೇನೋ ಮಾತಾಡುತ್ತಾರೆ, ಅದಕ್ಕೆ ನಾನು ಹೊಣೆಯಲ್ಲ. ಆ ಹುಡುಗಿಯ ಬಗ್ಗೆ ನಾನು ಒಂದು ಸುಳ್ಳೂ ಆಡಿಲ್ಲ.

ಗೀತಾ


ವಿಜಯಪುರ
17 ಜನವರಿ 2025

ಗೀತಾಂಜಲಿ,

ಮೊನ್ನೆ ಹದಿನೈದಕ್ಕೆ ಮಧ್ಯಾಹ್ನ ಒಬ್ಬ ಹುಡುಗಿ ನನ್ನ ಅಂಗಡಿಗೆ ಬಂದಳು. ದೂರು ಟೈಪ್ ಮಾಡಿಸಬೇಕು ಅಂದಳು. ಯಾರ ಮೇಲೆ ಎಂದು ಕೇಳಿದರೆ, "ಹೆಸರು ಗೊತ್ತಿಲ್ರಿ. ಮಾತು ಗೊತ್ತೈತಿ" ಅಂದಳು.

ಡಿಸೆಂಬರ್ ಹದಿನೆಂಟರಂದು ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಆ ಹುಡುಗಿಗೆ ಗೊತ್ತಾಗಿದ್ದ ಗಂಡಿನ ಸೋದರತ್ತೆಯನ್ನು ಮಾತಾಡಿಸಿದ್ದಾಳೆ. ಬಿಜ್ಜರಗಿಯ ಹುಡುಗಿಯನ್ನು ತಂದುಕೊಳ್ಳುತ್ತಿದ್ದೀರಂತೆ, ಒಳ್ಳೆಯ ಮನೆತನ ಅಂದಿದ್ದಾಳೆ. ಆಮೇಲೆ ಕೇಳಿದ್ದಾಳೆ: "ಹುಡುಗಿ ಈಗ ಆರಾಮ ಆಗ್ಯಾಳೇನ್ರಿ? ಫಿಟ್ಸ್ ನಿಂತಾವೇನ್ರಿ?"

ಇಷ್ಟೇ. ಎರಡು ಪ್ರಶ್ನೆ. ಸೋದರತ್ತೆ ಏನು ಎತ್ತ ಎಂದು ಕೇಳುವಷ್ಟರಲ್ಲಿ, "ನಿಮಗ ಹೇಳಿಲ್ಲೇನ್ರಿ? ತಪ್ಪಾತು ಬಿಡ್ರಿ" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡು ಬಸ್ ಹತ್ತಿದಳಂತೆ.

ಟೈಪ್ ಮಾಡುತ್ತಿದ್ದ ನನ್ನ ಬೆರಳು ನಿಂತಿತು. ಅವಳು ಹೋದ ಮೇಲೆ ಡ್ರಾವರ್ ತೆಗೆದು ನಿನ್ನ ಡಿಸೆಂಬರ್ ಇಪ್ಪತ್ತರ ಕಾಗದ ಓದಿದೆ. ನೀನು ಸುಳ್ಳು ಆಡಿಲ್ಲ ನಿಜ. ಬರೀ ಕೇಳಿದ್ದೀ. ಇಂಥದ್ದಕ್ಕೆ ಏನನ್ನುತ್ತಾರೆ ಎಂದು ವಕೀಲರನ್ನು ಕೇಳಿದೆ, ಯಾರದ್ದೆಂದು ಹೇಳದೆ. ಕೇಳಿದ ರೀತಿಯಲ್ಲೇ ಆಪಾದನೆ ಇದ್ದರೆ ಅದೂ ಆಪಾದನೆಯೇ, ಪ್ರಶ್ನೆಯ ಗುರುತು ಹಾಕಿದರೆ ತಪ್ಪಿಸಿಕೊಳ್ಳಲಾಗುವುದಿಲ್ಲ ಅಂದರು.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಡಿಸೆಂಬರ್ ಒಂಬತ್ತರಂದು ವಕೀಲರ ಹತ್ತಿರ ಬಂದದ್ದು ಕರೆಪ್ಪ ಅಲ್ಲ. ಮಹಾನಂದಾ. ದ್ರಾಕ್ಷಿಗೆ ಯಾವ ದಿನ ಯಾವ ಎಣ್ಣೆ ಹೊಡೆದರು ಎಂದು ಬರೆದಿಡುವ ವಹಿ ಅವಳ ಕೈಯಲ್ಲೇ ಇರುತ್ತದೆ. ನವೆಂಬರ್ ಹತ್ತು ಎಂದು ಅವಳೇ ಬರೆದಿದ್ದಳು. ಕುರಿ ಸತ್ತ ಮೇಲೆ ಅವಳ ಅಪ್ಪ ಆ ಹಾಳೆ ಹರಿಸಿ ಹದಿನಾಲ್ಕು ಎಂದು ಬೇರೆ ಹಾಳೆ ಬರೆಸಿದ. ಹರಿದ ಹಾಳೆಯನ್ನು ಅವಳು ಒಲೆಗೆ ಹಾಕಲಿಲ್ಲ. ನೋಟಿಸು ಮನೆಗೆ ಬಂದಾಗ ಓದಿ, ಅದರ ಮೇಲಿನ ವಿಳಾಸ ನೋಡಿಕೊಂಡು ಒಬ್ಬಳೇ ಬಂದಿದ್ದಳು. "ಅಕಿ ನನ್ನ ಗೆಳತಿ ಏನಲ್ರಿ. ಆದ್ರ ಅಕೀದು ತಪ್ಪಿಲ್ಲ. ನನ್ನ ಕೈಯಾಗ ಸುಳ್ಳು ಬರಿಸ್ಯಾರ, ಅದು ನನಗ ತಡಕೊಳ್ಳಾಕ ಆಗವಲ್ದು" ಅಂದಿದ್ದಳು. ಮದುವೆ ಆಗುವವರೆಗೆ ಮಾತ್ರ ಹೆಸರು ಬೇಡ ಎಂದು ಕೇಳಿಕೊಂಡಿದ್ದಳು.

ನಾನು ಅವಳ ಹೆಸರು ನಿನಗೆ ಹೇಳಿದ್ದರೆ ನೀನು ಬಬಲೇಶ್ವರಕ್ಕೆ ಹೋಗುತ್ತಿರಲಿಲ್ಲ. ಆ ಭಾರ ನನ್ನದು, ನಾನೇ ಹೊರುತ್ತೇನೆ. ಉಳಿದದ್ದು ನಿನ್ನದು.

ಪ್ರಯೋಗಾಲಯದ ವರದಿಯೂ ಬಂದಿದೆ. ಕುರಿಗಳ ಹೊಟ್ಟೆಯಲ್ಲಿ ಕೀಟನಾಶಕ ಸಿಕ್ಕಿದೆ. ನಿನ್ನ ಲಸಿಕೆಯಲ್ಲಿ ದೋಷ ಇರಲಿಲ್ಲ. ಈ ಮಾತು ಟೈಪ್ ಮಾಡುವಾಗ ಕುಣಿಯಬೇಕು ಅಂದುಕೊಂಡಿದ್ದೆ.

ಮಹಾನಂದಾಳಿಗೆ ನಾನು ಏನೂ ಹೇಳಿಲ್ಲ. ಈ ತಿಂಗಳ ಇಪ್ಪತ್ತೈದರೊಳಗೆ ನೀನು ಹೇಳು. ಇಲ್ಲದಿದ್ದರೆ ನಾನು ಹೇಳುತ್ತೇನೆ.

ನೀಲಾ


ಬಿಜ್ಜರಗಿ
24 ಜನವರಿ 2025

ನೀಲಾ,

ಹೌದು. ನಾನೇ.

ನಿನ್ನ ಕಾಗದ ಇಪ್ಪತ್ತಕ್ಕೆ ಬಂತು. ಎರಡು ದಿನ ಹಿತ್ತಲಲ್ಲಿ ಕುಳಿತೆ. ಇಪ್ಪತ್ತೆರಡರಂದು ಮೊದಲು ಬಬಲೇಶ್ವರಕ್ಕೆ ಹೋದೆ, ಅವಳಿಗೆ ಹೇಳುವ ಮುಂಚೆ ಆದದ್ದನ್ನು ಸರಿ ಮಾಡಿಬಿಡಬಹುದು ಎಂದು. ಆ ಸೋದರತ್ತೆ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. "ಅವತ್ತು ನಾ ಹೇಳಿದ್ದು ಸುಳ್ರಿ. ಆ ಹುಡುಗಿಗೆ ಏನೂ ಇಲ್ಲ. ಅವರಪ್ಪನ ಮ್ಯಾಲಿನ ಸಿಟ್ಟಿಗೆ ಅಂದೀನಿ" ಅಂದೆ. ಕಾಲು ಹಿಡಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಅವತ್ತು ತಾನಾಗಿ ಬಾಯಿ ಜಾರಿ ಖರೇ ಅಂದಿ. ಇವತ್ತು ಅವರು ಹೇಳಿ ಕಳಿಸ್ಯಾರ, ಬಂದಿ. ಏನ ಕೊಟ್ರು ನಿನಗ?"

ಎಷ್ಟು ಹೇಳಿದರೂ ಅಷ್ಟೇ. ನಾನು ಅತ್ತಷ್ಟೂ ಅವಳಿಗೆ ನಂಬಿಕೆ ಗಟ್ಟಿಯಾಯಿತು. ಇಷ್ಟು ಅಳಬೇಕಾದರೆ ಏನೋ ಇದ್ದೇ ಇದೆ ಎಂದು ಒಳಗಿದ್ದವರಿಗೂ ಹೇಳಿದಳು.

ನಿನ್ನೆ ಮಹಾನಂದಾಳ ಹತ್ತಿರ ಹೋದೆ. ತೋಟದ ಶೆಡ್ಡಿನಲ್ಲಿ ಒಬ್ಬಳೇ ಇದ್ದಳು. ನಿಂತುಕೊಂಡೇ ಹೇಳಿದೆ, ಒಂದೇ ಉಸಿರಿಗೆ. ಅವಳು ಕೂಗಾಡಲಿಲ್ಲ.

"ಯಾವತ್ತ ಅಂದಿ?"

"ಡಿಸೆಂಬರ್ ಹದಿನೆಂಟು."

ಅವಳು ಬೆರಳು ಎಣಿಸಿದಳು. "ನಾ ನಿನ್ನ ಸಲುವಾಗಿ ವಿಜಯಪುರಕ್ಕ ಹೋಗಿ ಒಂಬತ್ತ ದಿನಾ ಆಗಿತ್ತು."

"ನನಗ ಗೊತ್ತಿರಲಿಲ್ಲ ಮಹಾನಂದಾ."

"ಗೊತ್ತಿದ್ರ ಅನ್ನತಿದ್ದಿಲ್ಲ. ಗೊತ್ತಿರದ ಹುಡುಗಿ ಆದ್ರ ಅನಬೌದು. ಹೌದಿಲ್ಲ?"

ಹೋಗು ಅಂದಳು. ಬಂದೆ.

ನಿನ್ನ ಹತ್ತಿರ ಸುಳ್ಳು ಬೇಡ. ಮದುವೆ ಮುರಿದ ಮೇಲೆ ಆ ಹತ್ತು ದಿನ ನಾನು ಸುಖವಾಗಿದ್ದೆ. ನಿದ್ದೆ ಬರುತ್ತಿತ್ತು. ಸಂಗನಬಸವನ ಮೇಲೆ ನನ್ನ ಸಿಟ್ಟು ಈಗಲೂ ಒಂದು ಗುಂಜಿ ಕಡಿಮೆ ಆಗಿಲ್ಲ. ಅದನ್ನು ಹಿಡಿದುಕೊಂಡೇ ಇದನ್ನೂ ಹೇಳುತ್ತಿದ್ದೇನೆ.

ಗೀತಾ


ವಿಜಯಪುರ
12 ಫೆಬ್ರವರಿ 2025

ಗೀತಾಂಜಲಿ,

ಎರಡು ವಿಷಯ.

ಸಂಗನಬಸವ ವರದಿಯ ಪ್ರತಿ ನೋಡಿ ಮೆತ್ತಗಾಗಿದ್ದಾನೆ. ನಿನ್ನೆ ವಕೀಲರ ಆಫೀಸಿಗೆ ತಾನೇ ಬಂದ. ಗ್ರೂಪಿನಲ್ಲಿ ತಪ್ಪಾಯಿತು ಎಂದು ಹೇಳುತ್ತೇನೆ, ಅಮೋಘಿಗೆ ಕುರಿ ಕೊಡಿಸುತ್ತೇನೆ, ಕೇಸು ಬೇಡ ಅಂದ. ನೀನು ಒಪ್ಪುವುದಾದರೆ ವಕೀಲರಿಗೆ ಬರೆ. ಒಪ್ಪು ಎಂದು ಅವರ ಸಲಹೆ. ನನ್ನದು ಸಲಹೆ ಇಲ್ಲ.

ಎರಡನೆಯದು. ಮಹಾನಂದಾ ಮತ್ತೆ ಬಂದಿದ್ದಳು. ಈ ಸಲ ದೂರಿನಲ್ಲಿ ಹಾಕಲು ಹೆಸರು ಇತ್ತು. ಪಕ್ಕದ ಅಂಗಡಿಗೆ ಹೋಗು, ಗೀತಾಂಜಲಿ ನನ್ನ ಗೆಳತಿ ಅಂದೆ. "ನನಗ ಗೊತ್ತೈತ್ರಿ. ಅದಕ್ಕs ನೀವs ಟೈಪ್ ಮಾಡ್ರಿ" ಅಂದಳು. ಮಾಡಿದೆ. ವಕೀಲರು ನಿನ್ನ ಕಡೆಯವರು, ಆದ್ದರಿಂದ ಅವಳು ಬೇರೆಯವರನ್ನು ಹಿಡಿದಿದ್ದಾಳೆ.

ನಿನ್ನ ಕೇಸಿನಲ್ಲಿ ಸಾಕ್ಷಿ ಹೇಳುವುದನ್ನು ಬಿಡುತ್ತೀಯಾ ಎಂದು ಕೇಳಿದೆ. ಬಿಟ್ಟರೂ ತಪ್ಪಿಲ್ಲ ಎಂದೂ ಹೇಳಿದೆ. "ಎಣ್ಣಿ ಹತ್ತಕ್ಕs ಹೊಡದದ್ದು. ಅಕಿ ನನಗೇನರ ಮಾಡ್ಲಿ, ತಾರೀಖ ಬದಲಾಗ್ತೈತೇನ್ರಿ?" ಅಂದಳು. ಅವಳ ಅಪ್ಪ ಅವಳ ಜೊತೆ ಮಾತು ಬಿಟ್ಟಿದ್ದಾನೆ. ಹಾಳೆಯ ವಿಷಯ ಈಗ ಮನೆಯಲ್ಲಿ ಗೊತ್ತಾಗಿದೆ.

ನಿನ್ನ ಕಾಗದಗಳು ನನ್ನ ಡ್ರಾವರಿನಲ್ಲೇ ಇವೆ. ಡಿಸೆಂಬರ್ ಇಪ್ಪತ್ತರದ್ದೂ, ಜನವರಿ ಇಪ್ಪತ್ನಾಲ್ಕರದ್ದೂ. ಅವಳಿಗೆ ತೋರಿಸಿಲ್ಲ. ಕೋರ್ಟು ಕೇಳಿದರೆ ಕೊಡುತ್ತೇನೆ. ತಿಳಿದಿರಲಿ.

ನೀಲಾ


ಬಿಜ್ಜರಗಿ
19 ಫೆಬ್ರವರಿ 2025

ನೀಲಾ,

ಕೋರ್ಟು ಕೇಳಿದರೆ ಕೊಡು.

ಸಂಗನಬಸವ ನಮ್ಮ ಮನೆಗೂ ಬಂದಿದ್ದ, ಇಬ್ಬರು ಹಿರಿಯರನ್ನು ಕರೆದುಕೊಂಡು. ಅಪ್ಪ ಅವನಿಗೆ ಚಾಪೆ ಹಾಸಿದ, ನೀರು ಕೊಟ್ಟ. "ಖಂಡಪ್ಪ, ಸಿಟ್ಟಿನ್ಯಾಗ ಒಂದ ಮಾತು ಬಂತು. ಮರತ ಬಿಡು" ಅಂದ ಸಂಗನಬಸವ. ಅಪ್ಪ ನನ್ನ ಮುಖ ನೋಡಿದ.

"ಸಿಟ್ಟಿನ್ಯಾಗ ಬಂದಿಲ್ರಿ. ಎಣ್ಣಿ ಹೊಡದದ್ದು ನಿಮಗ ಗೊತ್ತಿತ್ತು. ಹಾಳಿ ಹರಿಸೀರಿ. ನಿಮ್ಮ ಮಗಳ ಕೈಲೆ ಸುಳ್ಳು ಬರಿಸೀರಿ. ಕೋರ್ಟಿನ್ಯಾಗ ನಿಂತು ಹೇಳ್ರಿ" ಅಂದೆ.

"ನನ್ನ ಮಗಳಿಗೆ ನೀ ಮಾಡಿದ್ದು?" ಅಂದ.

"ಅದನ್ನ ನಾನೂ ಅಲ್ಲೇ ನಿಂತು ಹೇಳ್ತೇನಿ."

ಹಿರಿಯರು ಎದ್ದರು. ಅಪ್ಪ ಅವತ್ತು ಉಣ್ಣಲಿಲ್ಲ. ಹಟ ಎಂದು ಎಲ್ಲರೂ ಅನ್ನುತ್ತಾರೆ, ಅನ್ನಲಿ. ರಾಜಿ ಬೇಡ, ಕೇಸು ನಡೆಸಿ ಎಂದು ವಕೀಲರಿಗೆ ಬರೆದಿದ್ದೇನೆ. ಇಲಾಖೆಯವರು ಮತ್ತೆ ಕೆಲಸಕ್ಕೆ ಬಾ ಅಂದಿದ್ದಾರೆ. ಮೊದಲ ದಿನ ಐಸ್ ಪೆಟ್ಟಿಗೆ ಹೊತ್ತು ಓಣಿಯಲ್ಲಿ ಹೊರಟೆ. ನಾಲ್ಕು ಮನೆಯವರು ಕರೆದರು. ಅಮೋಘಿ ಕಾಕಾ ಕರೆಯಲಿಲ್ಲ, ಆದರೆ ದಡ್ಡಿಯ ಬಾಗಿಲು ತೆರೆದಿಟ್ಟಿದ್ದ.

ಗೀತಾ


ಬಿಜ್ಜರಗಿ
21 ಜೂನ್ 2025

ನೀಲಾ,

ನಾಲ್ಕು ತಿಂಗಳಾಯಿತು ನೀನು ಬರೆದು. ಮೊನ್ನೆ ಹತ್ತೊಂಬತ್ತಕ್ಕೆ ಕೋರ್ಟಿಗೆ ಬಂದಾಗ ನಿನ್ನ ಅಂಗಡಿಯ ಮುಂದೆಯೇ ಹಾದು ಹೋದೆ. ನೀನು ತಲೆ ಬಗ್ಗಿಸಿ ಟೈಪ್ ಮಾಡುತ್ತಿದ್ದೆ. ಕರೆಯಲಿಲ್ಲ. ಅವತ್ತು ನಡೆದದ್ದನ್ನು ಯಾರಿಗಾದರೂ ಹೇಳಬೇಕು, ಹೇಳಿಕೊಳ್ಳಲು ನನಗೆ ನೀನಲ್ಲದೆ ಬೇರೆ ಯಾರೂ ಇಲ್ಲ.

ನನ್ನ ದೂರಿನಲ್ಲಿ ಸಾಕ್ಷಿಯ ಹೇಳಿಕೆಗೂ, ಅವಳ ದೂರಿನಲ್ಲಿ ನನ್ನ ಮಾತು ಕೇಳುವುದಕ್ಕೂ ಒಂದೇ ದಿನ ಕರೆದಿದ್ದರು. ಬೆಳಗಿನ ಬಸ್ಸು ತುಂಬಿತ್ತು. ನನ್ನ ಪಕ್ಕದ ಸೀಟು ಒಂದೇ ಖಾಲಿ. ಮಹಾನಂದಾ ಹತ್ತಿದಳು, ಒಂದು ಗಳಿಗೆ ನಿಂತಳು, ಆಮೇಲೆ ಬಂದು ಕೂತಳು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ತಿಕೋಟಾ ದಾಟುವವರೆಗೆ ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು. ಆಮೇಲೆ ಅವಳೇ ಕೇಳಿದಳು.

"ಫಿಟ್ಸ್ ಅಂತ ಯಾಕ ಅಂದಿ? ಹುಡುಗೂರ ಗೂಡ ಓಡಾಡ್ತಾಳ ಅನಬೌದಿತ್ತು. ಎಲ್ಲಾರೂ ಅದನ್ನs ಅಂತಾರ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅದನ್ನ ಅಂದ್ರ ಯಾವ ಹುಡುಗ ಅಂತ ಕೇಳ್ತಾರ. ಫಿಟ್ಸ್ ಇಲ್ಲ ಅಂತ ಯಾರಿಗೂ ತೋರಸಾಕ ಬರಂಗಿಲ್ಲ. ಇವತ್ತ ಬಂದಿಲ್ಲಂದ್ರ ನಾಳೆ ಬರ್ತಾವ ಅಂತಾರ. ಅದಕ್ಕ ಆರಿಸಿದ್ನಿ."

ಅವಳು ತಲೆ ಅಲ್ಲಾಡಿಸಿದಳು, ಲೆಕ್ಕ ಸರಿಯಾದವರಂತೆ.

"ಖರೇ ಐತಿ. ಈಗ ನಾ ಬಾವಿಗೆ ಹೋದ್ರ ನಮ್ಮವ್ವ ಹಿಂದ ಬರ್ತಾಳ. ಒಲಿ ಮುಂದ ಕುಂತ್ರ ಯಾರರ ಒಬ್ಬರು ಬಾಜೂಕ ಕೂಡ್ತಾರ. ಹೋದ ತಿಂಗಳ ಎಡವಿ ಬಿದ್ನಿ, ಬರೇ ಎಡವಿದ್ನಿ, ಕೈಯಾಗ ಕಬ್ಬಣ ಹಿಡಸಿದ್ರು. ಹಂಗs ಹಿಡಕೊಂಡ ಕುಂತಿದ್ನಿ." ಮತ್ತೆ ಅಂದಳು, "ಒಮ್ಮೊಮ್ಮೆ ನನಗs ಅನಸ್ತೈತಿ, ಇದ್ದರೂ ಇರಬೌದು ಅಂತ."

ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವಳು ಕೈ ಎತ್ತಿದಳು. "ಬ್ಯಾಡ. ಕೋರ್ಟಿನ್ಯಾಗ ನಿಂತು ಹೇಳು."

ಅವಳನ್ನು ಮೊದಲು ಕರೆದರು. ನನ್ನ ಪರವಾಗಿ ಹೇಳಿದಳು. ನವೆಂಬರ್ ಹತ್ತು, ಎಣ್ಣೆ, ಹರಿದ ಹಾಳೆ, ಅಪ್ಪ ಬರೆಸಿದ್ದು, ಒಂದನ್ನೂ ಬಿಡಲಿಲ್ಲ. ಸಂಗನಬಸವ ಹೊರಗೆ ಬೇವಿನ ಗಿಡದ ಕೆಳಗೆ ಟವೆಲ್ಲಿನಲ್ಲಿ ಮುಖ ಒರೆಸುತ್ತ ನಿಂತಿದ್ದ. ಏಳು ತಿಂಗಳು ನಾನು ಬೇಡಿಕೊಂಡದ್ದು ಇದನ್ನೇ. ಕಿಟಕಿಯಿಂದ ನೋಡಿದೆ. ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಇತ್ತು.

ಮಧ್ಯಾಹ್ನದ ಮೇಲೆ ನನ್ನ ಹೆಸರು ಕರೆದರು. ನ್ಯಾಯಾಧೀಶರ ಮುಂದೆ ಅವಳು ಒಂದು ಕಡೆ ನಿಂತಳು, ನಾನು ಒಂದು ಕಡೆ. ವಕೀಲರು ಹಿಂದಿನ ದಿನವೇ ಹೇಳಿಕೊಟ್ಟಿದ್ದರು, ಬರೀ ಕೇಳಿದೆ ಅನ್ನು, ಕಾಳಜಿಯಿಂದ ಕೇಳಿದೆ ಅನ್ನು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು. ನ್ಯಾಯಾಧೀಶರು ದೂರು ಓದಿ ಕೇಳಿದರು, "ಈ ಮಾತು ಆಡಿದ್ದು ನಿಜವೇ?"

"ಆಡೀನ್ರಿ" ಅಂದೆ. "ಸುಳ್ಳು ಅಂತ ಗೊತ್ತಿದ್ದs ಆಡೀನಿ. ಮದುವಿ ಮುರೀಲಿ ಅಂತನs ಆಡೀನಿ."

ನನ್ನ ವಕೀಲರು ಫೈಲು ಮುಚ್ಚಿದರು. ಮಹಾನಂದಾ ನನ್ನ ಕಡೆ ತಿರುಗಲಿಲ್ಲ. ಆಗಸ್ಟ್ ನಾಲ್ಕಕ್ಕೆ ಮುಂದಿನ ದಿನ ಕೊಟ್ಟರು, ಎರಡಕ್ಕೂ.

ತಿರುಗಿ ಬರುವ ಬಸ್ಸಿನಲ್ಲಿ ಸೀಟುಗಳು ಬೇಕಾದಷ್ಟಿದ್ದವು. ಅವಳು ಮುಂದೆ ಕೂತಳು, ನಾನು ಹಿಂದೆ. ಬಿಜ್ಜರಗಿಯಲ್ಲಿ ಇಳಿಯುವಾಗ ಮೆಟ್ಟಿಲ ಹತ್ತಿರ ಕಂಡಕ್ಟರ್ ಅವಳ ರಟ್ಟೆ ಹಿಡಿದುಕೊಂಡ, ಬೀಳಬಾರದೆಂದು. ಅವಳು ಕೊಡವಿಕೊಳ್ಳಲಿಲ್ಲ. ಅವನು ಹಿಡಿದಂತೆಯೇ ಇಳಿದು, ಮನೆಯ ಕಡೆ ನಡೆದಳು.

ಗೀತಾಂಜಲಿ